ನಮ್ಮ ಮನೆಯಲ್ಲಿ 40 ದಿನ ಅಡಿಕೆ ಸುಲಿದವನನ್ನು ಪೊಲೀಸರು ಹುಡುಕುತ್ತಿದ್ದಾರೆ

ತೋಟದಮನೆ, ತೀರ್ಥಹಳ್ಳಿ ತಾಲೂಕು

ಎಲ್ಲರಿಗೂ ನಮಸ್ಕಾರ. ಅಡಿಕೆಯ ಕೊಳೆರೋಗ, ಅದಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಬಿಟ್ಟು ಈ ಗುಂಪಿನಲ್ಲಿ ನಾನು ಬೇರೆ ವಿಷಯ ಬರೆದವಳಲ್ಲ. ಈಗ ನಾಲ್ಕು ದಿನದಿಂದ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ರೆ ಇಲ್ಲ. ತಿಳಿದವರು ದಾರಿ ಹೇಳಿ.

ಸೋಮವಾರ ಬೆಳಿಗ್ಗೆ ದೋಸೆ ಎರೆಯುತ್ತಿದ್ದೆ. ಅಂಗಳಕ್ಕೆ ಜೀಪು ಬಂತು. ಮಫ್ತಿಯಲ್ಲಿದ್ದ ನಾಲ್ಕು ಜನ ಇಳಿದರು. ಬೇರೆ ಜಿಲ್ಲೆಯ ಪೊಲೀಸರಂತೆ. ಜೊತೆಗೆ ನಮ್ಮ ಕಡೆಯ ಬೀಟ್ ಪೊಲೀಸರು ಒಬ್ಬರಿದ್ದರು. ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿ "ಇವನು ಇಲ್ಲಿದ್ದನಾ?" ಅಂತ ಕೇಳಿದರು. ಫೋಟೊದಲ್ಲಿ ದಪ್ಪ ಮೀಸೆ, ತುಂಬಿದ ಕೆನ್ನೆ. ಇಲ್ಲ ಅಂತ ಹೇಳುವವಳಿದ್ದೆ. ಆಮೇಲೆ ಎಡ ಹುಬ್ಬಿನ ಮೇಲಿನ ಗಾಯದ ಗೆರೆ ಕಂಡಿತು. ಎದೆ ಧಸಕ್ಕೆಂದಿತು.

ದೀಪಾವಳಿ ಮುಗಿದ ಮೇಲೆ ಸುಲಿಯುವವರ ತಂಡದ ಜೊತೆ ಬಂದಿದ್ದ. 40 ದಿನ ಇದ್ದ. ಮೀಸೆ ಇರಲಿಲ್ಲ, ಸೊರಗಿದ್ದ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಕುಡಿತ ಇಲ್ಲ, ಜಗಳ ಇಲ್ಲ. ಒಂದೇ ಒಂದು ವಿಷಯ ಈಗ ನೆನಪಾಗುತ್ತಿದೆ. ಅಂಗಳಕ್ಕೆ ಬೈಕ್ ಬಂದ ಸದ್ದು ಕೇಳಿದರೆ ಸಾಕು, ಎದ್ದು ಹಿತ್ತಲಲ್ಲಿ ಅಡಿಕೆ ಬೇಯುವ ಹಂಡೆ ಕಡೆ ಹೋಗುತ್ತಿದ್ದ. ಉರಿ ನೋಡೋಕೆ ಹೋಗ್ತಾನೆ, ಒಳ್ಳೆ ಹುಡುಗ ಅಂದುಕೊಂಡಿದ್ದೆ.

ಡಿಸೆಂಬರ್‌ನಲ್ಲಿ ಒಂದು ದಿನ ಬೀಟ್ ಪೊಲೀಸರು ಬಂದು ಹೋದರು. ಮರುದಿನ ಬೆಳಗಾದಾಗ ಅವನಿರಲಿಲ್ಲ. ಮೂರು ದಿನದ ಸಂಬಳ 1,950 ರೂಪಾಯಿ ನನ್ನ ಹತ್ತಿರವೇ ಉಳಿಯಿತು. ಊರಲ್ಲಿ ಏನೋ ಅವಸರ ಇರಬೇಕು, ಎಳ್ಳಮಾವಾಸ್ಯೆ ಬೇರೆ ಹತ್ತಿರ ಬಂತಲ್ಲ ಅಂದುಕೊಂಡೆವು.

ಎರಡು ಕೊಲೆ, ಒಂದು ದರೋಡೆ ಕೇಸಿನ ಆರೋಪಿಯಂತೆ. ಮೂರು ವರ್ಷದಿಂದ ತಲೆಮರೆಸಿಕೊಂಡಿದ್ದಾನಂತೆ. ನಮಗೆ ಹೇಳಿದ ಹೆಸರೇ ಬೇರೆ.

ಯಜಮಾನರನ್ನು ಮೂರು ಗಂಟೆ ಹೊತ್ತು ಅಂಗಳದಲ್ಲಿ ನಿಲ್ಲಿಸಿ ಕೇಳಿದರು. 74 ವರ್ಷದ ಅತ್ತೆಯನ್ನು ಹೇಳಿಕೆ ಕೊಡಲು ತಮ್ಮ ಠಾಣೆಗೆ ಕರೆದುಕೊಂಡು ಬನ್ನಿ ಅಂದರು. ಅವನಿಗೆ ಜ್ವರ ಬಂದಾಗ ಎರಡು ದಿನ ಗಂಜಿ ಕೊಟ್ಟವರು ಅತ್ತೆ. "ಕೊಲೆ ಮಾಡಿದವನಿಗೆ ನನ್ನ ಕೈಯಾರೆ ಬಡಿಸಿದೆ" ಅಂತ ಈಗ ಊಟವನ್ನೇ ಬಿಟ್ಟಿದ್ದಾರೆ. ನಮ್ಮಿಂದ ತಪ್ಪಾಗಿದೆಯಾ? ನಮ್ಮ ಮೇಲೆ ಕೇಸು ಬರುತ್ತದಾ? ಆ ಹಣ ಏನು ಮಾಡಲಿ?

ಸಾಗರದ ಹುಡುಗ

ಬೇಜಾರು ಮಾಡ್ಕೋಬೇಡಿ ಅಕ್ಕ. ಆದರೆ ಆಧಾರ್ ನೋಡದೆ 40 ದಿನ ಮನೆಯಲ್ಲಿ ಇಟ್ಟುಕೊಳ್ಳೋದಾ? ಮನೆಯಲ್ಲಿ ಹೆಣ್ಣುಮಕ್ಕಳು, ವಯಸ್ಸಾದವರು ಇರುತ್ತಾರೆ.

ತೋಟದಮನೆ

ಮೇಸ್ತ್ರಿ ಏಳು ವರ್ಷದಿಂದ ಗೊತ್ತಿರುವವರು. ಅವರು ಕರೆದುಕೊಂಡು ಬಂದವರನ್ನು ನಾವು ಯಾವತ್ತೂ ಕೇಳಿಲ್ಲ. ಕೊಯ್ದ ಅಡಿಕೆ ರಾಶಿ ಬಿದ್ದಿರುತ್ತದೆ, ಒಂದೆರಡು ದಿನ ತಡವಾದರೆ ಹಾಳಾಗುತ್ತದೆ. ಆ ಹೊತ್ತಿನಲ್ಲಿ ಬಂದ ಕೈಗಳಿಗೆ ಯಾರಪ್ಪಾ ನೀನು ಅಂತ ಕೇಳುವ ಮನಸ್ಸು ಬರುವುದಿಲ್ಲ. ತಪ್ಪೇ ಅದು, ಒಪ್ಪುತ್ತೇನೆ.

ವಕೀಲಿಕೆ, ಶಿವಮೊಗ್ಗ

ಅಕ್ಕ, ಮೊದಲು ಅತ್ತೆಗೆ ಊಟ ಮಾಡಿಸಿ. ಅವರು ಮಾಡಿದ್ದು ಅಪರಾಧ ಅಲ್ಲ.

ಅಪರಾಧಿಗೆ ಆಶ್ರಯ ಕೊಡುವುದು ಈಗಿನ ಭಾರತೀಯ ನ್ಯಾಯ ಸಂಹಿತೆಯ 249ನೇ ಸೆಕ್ಷನ್. ಹಳೆಯ ಐಪಿಸಿ 212. ಊಟ, ವಸತಿ, ಹಣ, ಬಟ್ಟೆ, ವಾಹನ ಕೊಡುವುದೆಲ್ಲ ಆಶ್ರಯದಲ್ಲೇ ಬರುತ್ತದೆ. ಅವನ ಮೇಲಿರುವುದು ಮರಣದಂಡನೆವರೆಗೆ ಹೋಗಬಹುದಾದ ಕೇಸಾದರೆ, ಆಶ್ರಯ ಕೊಟ್ಟವರಿಗೆ 5 ವರ್ಷದವರೆಗೆ ಶಿಕ್ಷೆ ಇದೆ. ಆದರೆ ಈ ಸೆಕ್ಷನ್ ನಿಂತಿರುವುದು ಎರಡು ಮಾತಿನ ಮೇಲೆ. ಇವನು ಅಪರಾಧ ಮಾಡಿದವನು ಅಂತ ನಿಮಗೆ ಗೊತ್ತಿರಬೇಕು, ಇಲ್ಲವೇ ಹಾಗೆ ನಂಬಲು ಸರಿಯಾದ ಕಾರಣ ಇರಬೇಕು. ಜೊತೆಗೆ ಅವನನ್ನು ಕಾನೂನಿನ ಕೈಗೆ ಸಿಗದ ಹಾಗೆ ಮಾಡುವ ಉದ್ದೇಶ ಇರಬೇಕು. ಜ್ವರ ಬಂದ ಕೂಲಿಯವನಿಗೆ ಗಂಜಿ ಕೊಟ್ಟದ್ದರಲ್ಲಿ ಇವೆರಡೂ ಇಲ್ಲ.

ಆದರೆ ಇವತ್ತಿನಿಂದ ವಿಷಯ ಬೇರೆ. ಈಗ ನಿಮಗೆ ಗೊತ್ತಾಗಿದೆ. ಅವನು ಫೋನ್ ಮಾಡಿದರೆ, ಯಾರನ್ನಾದರೂ ಸಂಬಳಕ್ಕೆ ಕಳಿಸಿದರೆ, ಹಣ ಕೊಡಬೇಡಿ. ಠಾಣೆಗೆ ತಿಳಿಸಿ. ಆ 1,950 ರೂಪಾಯಿ ಹಾಗೇ ಇಡಿ. ಹೇಳಿಕೆ ಕೊಡುವಾಗ ಅದನ್ನೂ ಹೇಳಿ, ಬರೆಸಿ. ಮುಚ್ಚಿಡುವಂಥದ್ದು ಏನೂ ಇಲ್ಲ.

ಅತ್ತೆ ವಿಷಯ. ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅಂತ ಹೇಳುವ ಕಾನೂನು ನಾಗರಿಕ ಸುರಕ್ಷಾ ಸಂಹಿತೆ. ಅದರ 179ನೇ ಸೆಕ್ಷನ್ ಪ್ರಕಾರ ಸಾಕ್ಷಿ ಹೇಳಲು ಹೆಂಗಸರನ್ನು, 60 ದಾಟಿದವರನ್ನು ಅವರು ವಾಸ ಇರುವ ಜಾಗ ಬಿಟ್ಟು ಬೇರೆ ಕಡೆಗೆ ಬನ್ನಿ ಅಂತ ಒತ್ತಾಯಿಸುವ ಹಾಗಿಲ್ಲ. ಮೊದಲು ಈ ವಯಸ್ಸು 65 ಇತ್ತು. 2024ರ ಜುಲೈ 1ರಿಂದ ಹೊಸ ಕಾನೂನು ಬಂದ ಮೇಲೆ 60 ಆಗಿದೆ. ನೀವು ಹೆಂಗಸರು, ನಿಮಗೂ ಇದೇ ನಿಯಮ. "ಸರ್, ನಾವು ಎಲ್ಲ ಹೇಳುತ್ತೇವೆ, ದಯವಿಟ್ಟು ಮನೆಗೇ ಬಂದು ಬರೆದುಕೊಳ್ಳಿ" ಅಂತ ಗೌರವದಿಂದಲೇ ಹೇಳಿ. ಇನ್ನೊಂದು ಮಾತು. ತನಿಖೆ ವೇಳೆ ಪೊಲೀಸರಿಗೆ ಕೊಡುವ ಸಾಕ್ಷಿ ಹೇಳಿಕೆಗೆ ನೀವು ಸಹಿ ಹಾಕಬೇಕಾಗಿಲ್ಲ. ಮನೆಯಿಂದ ಏನಾದರೂ ತೆಗೆದುಕೊಂಡು ಹೋದರೆ ಮಹಜರು ಬರೆಯಬೇಕು, ಅದಕ್ಕೆ ಸಹಿ ಬೇರೆ. ಈಗ ಜಪ್ತಿ ಮಾಡುವುದನ್ನು ವಿಡಿಯೊ ಕೂಡ ಮಾಡಬೇಕು.

ಘಟ್ಟದ ಮೇಲೆ, ಆಗುಂಬೆ ಕಡೆ

ಅಕ್ಕ, ನಿಮ್ಮ ಅತ್ತೆ ಸಂಕಟ ನನಗೆ ಅರ್ಥ ಆಗುತ್ತದೆ. ನಮ್ಮಮ್ಮ ಇಂಥದ್ದೇ ಒಂದು ಭಯದಲ್ಲಿ ವರ್ಷಗಟ್ಟಲೆ ಬದುಕಿದವರು.

2003ರ ನವೆಂಬರ್‌ನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಇಬ್ಬರು ನಕ್ಸಲ್ ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದ ಹತ್ತಿರ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತರು. ಆ ವರ್ಷವೇ ಕಾರ್ಕಳದಲ್ಲಿ ನಕ್ಸಲ್ ನಿಗ್ರಹ ದಳ (ಎಎನ್‌ಎಫ್) ಆಯಿತು. ಅಲ್ಲಿಂದ ಶುರು. ನಮ್ಮದು ಒಂಟಿ ಮನೆ. ಪಕ್ಕದ ಮನೆಗೆ ಮುಕ್ಕಾಲು ಗಂಟೆ ನಡೆಯಬೇಕು. ಮಳೆಗಾಲದಲ್ಲಿ ಎಎನ್‌ಎಫ್‌ನವರು ಕೂಂಬಿಂಗ್, ಅಂದರೆ ಕಾಡು ಜಾಲಾಡುವುದು ಅಂತ ಬರುತ್ತಿದ್ದರು. ಬೂಟು ಬಿಚ್ಚಿದರೆ ಕಾಲ್ಚೀಲ ಪೂರ್ತಿ ರಕ್ತ. ಉಂಬಳ, ಅಂದರೆ ಜಿಗಣೆ. ಅಮ್ಮ ಸುಣ್ಣ, ಹೊಗೆಸೊಪ್ಪು ಕೊಡುತ್ತಿದ್ದರು. 22-23 ವರ್ಷದ ಹುಡುಗರು, ಬಯಲುಸೀಮೆಯವರು, ನಮ್ಮ ಮಳೆಯನ್ನೇ ಕಂಡವರಲ್ಲ. ಜಗಲಿಯಲ್ಲಿ ಕೂತು ಕಾಲು ಉಜ್ಜಿಕೊಳ್ಳುವುದನ್ನು ನೋಡಿದರೆ ಪಾಪ ಅನ್ನಿಸುತ್ತಿತ್ತು.

ಹಾಗೇ ಇನ್ನೊಂದು ರಾತ್ರಿ ಬೇರೆಯವರು ಬಂದರು. ಹೆಗಲಲ್ಲಿ ಬಂದೂಕು. ಅಕ್ಕಿ ಕೇಳಿದರು. ಕೊಡದೆ ಇರೋಕೆ ಆಗುತ್ತದಾ? ಅಮ್ಮ ಎರಡು ಸೇರು ಹಾಕಿದರು. ಬೆಳಗಾದರೆ ಪೊಲೀಸರಿಗೆ ಹೇಳಬೇಕಾ ಬೇಡವಾ ಅಂತ ಅಪ್ಪ ಅಮ್ಮ ಪಿಸುಗುಟ್ಟುತ್ತಿದ್ದುದು ಇನ್ನೂ ಕಿವಿಯಲ್ಲಿದೆ. ಹೇಳಿದರೆ ಅವರು ಬಿಡುವುದಿಲ್ಲ, ಹೇಳದಿದ್ದರೆ ಇವರು ಬಿಡುವುದಿಲ್ಲ. ಆ ಭಯ ಸುಳ್ಳಾಗಿರಲಿಲ್ಲ. ಪೊಲೀಸರಿಗೆ ಮಾಹಿತಿ ಕೊಟ್ಟರು ಅನ್ನುವ ಅನುಮಾನಕ್ಕೇ 2011ರಲ್ಲಿ ಕಬ್ಬಿನಾಲೆ ಕಡೆ ಒಬ್ಬರನ್ನು ಕೊಂದರು. ಇನ್ನೊಂದು ಕಡೆ ನೋಡಿ. ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿಯನ್ನು, ಅವನ ತಂದೆಯನ್ನು 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟು ಅಂತ ಹಿಡಿದರು. ಕೋರ್ಟು ಇಬ್ಬರನ್ನೂ ಖುಲಾಸೆ ಮಾಡಿದ್ದು 2021ರ ಅಕ್ಟೋಬರ್‌ನಲ್ಲಿ. ಒಂಬತ್ತೂವರೆ ವರ್ಷ. ಆ ವರ್ಷಗಳನ್ನು ಯಾರು ತಂದು ಕೊಡುತ್ತಾರೆ?

ಅದಕ್ಕೇ ನಾನು ಹೇಳುವುದು, ಹುಡುಕಾಟ ಬೇಕು, ಬೇಡ ಅನ್ನುವುದಿಲ್ಲ. ಆದರೆ ಕಾಡಂಚಿನ ಮನೆಯವರನ್ನು ಮೊದಲೇ ಆರೋಪಿಯ ಕಡೆಯವರು ಅಂತ ನೋಡಿದರೆ ಯಾರೂ ಬಾಯಿ ಬಿಡುವುದಿಲ್ಲ.

ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಹೊಸನಗರ

34 ವರ್ಷ ಇಲಾಖೆಯಲ್ಲಿ ಇದ್ದವನು, ಆ ಅನುಭವದಲ್ಲಿ ಬರೆಯುತ್ತಿದ್ದೇನೆ. ತಂಗಿ, ಅಂಗಳದಲ್ಲಿ ಮೂರು ಗಂಟೆ ನಿಲ್ಲಿಸಿದ್ದು ಸರಿಯಲ್ಲ. ಕೂತು ಮಾತಾಡಿಸಿದ್ದರೆ ಅದಕ್ಕಿಂತ ಜಾಸ್ತಿ ತಿಳಿಯುತ್ತಿತ್ತು. ಆದರೂ ಆ ನಾಲ್ಕು ಜನರ ಕಷ್ಟವನ್ನೂ ಸ್ವಲ್ಪ ಹೇಳುತ್ತೇನೆ.

ಆರೋಪಿ ಸಿಗಲಿಲ್ಲ ಅಂದರೆ ಕೋರ್ಟು ವಾರಂಟ್ ಕೊಡುತ್ತದೆ. ವಾರಂಟ್ ಹಿಡಿದು ಅವನ ಮನೆಗೆ ಹೋದರೆ "ನಮಗೂ ಗೊತ್ತಿಲ್ಲ ಸ್ವಾಮಿ" ಅನ್ನುತ್ತಾರೆ. ಆಮೇಲೆ ಉದ್ಘೋಷಣೆ. ಅವನು ಇಂಥ ದಿನದೊಳಗೆ ಕೋರ್ಟಿಗೆ ಬರಬೇಕು ಅಂತ ಊರಿನಲ್ಲಿ ನಾಲ್ಕು ಜನ ಸೇರುವ ಕಡೆ ಓದಿ ಹೇಳಬೇಕು, ಮನೆ ಬಾಗಿಲಿಗೆ ಅಂಟಿಸಬೇಕು, ಕೋರ್ಟಿನಲ್ಲೂ ಹಾಕಬೇಕು. ಕನಿಷ್ಠ 30 ದಿನದ ಗಡುವು ಇರಬೇಕು. ಬರದಿದ್ದರೆ ಆಸ್ತಿ ಜಪ್ತಿಗೆ ದಾರಿ. ನಾನೇ ಎಷ್ಟೋ ಬಾಗಿಲಿಗೆ ಅಂಟು ಹಚ್ಚಿದ್ದೇನೆ. ಆ ಮನೆಯ ತಾಯಂದಿರ ಮುಖ ನೋಡುವುದು ಸುಲಭ ಅಲ್ಲ.

ಆಮೇಲೆ ಕೇಸು ಎಲ್‌ಪಿಸಿ ಅಂತ, ಅಂದರೆ ಬಹಳ ಕಾಲದಿಂದ ಬಾಕಿ ಇರುವ ಪಟ್ಟಿಗೆ ಹೋಗುತ್ತದೆ. ಠಾಣೆಗೆ ಹೊಸ ಸಾಹೇಬರು ಬಂದಾಗೆಲ್ಲ ಆ ಪಟ್ಟಿ ಹೊರಗೆ ಬರುತ್ತದೆ. ನಮಗೆ ಕೊಡುತ್ತಿದ್ದುದು ಒಂದು ಹಳೇ ಫೋಟೊ, ತಂದೆ ಹೆಸರು, ಊರು. ಮೂರು ವರ್ಷದಲ್ಲಿ ಮನುಷ್ಯ ಗುರುತು ಸಿಗದ ಹಾಗೆ ಬದಲಾಗಿರುತ್ತಾನೆ, ನೀವೇ ನೋಡಿದಿರಲ್ಲ. ಆದರೆ ಹುಬ್ಬಿನ ಗಾಯ, ಹಚ್ಚೆ, ಕುಂಟು, ಮಾತಿನ ಧಾಟಿ ಬದಲಾಗುವುದಿಲ್ಲ. ನೀವು ಗಾಯ ಗುರುತಿಸಿದ್ದು ಅವರಿಗೆ ದೊಡ್ಡ ಉಪಕಾರ.

ಮಲೆನಾಡಿಗೇ ಯಾಕೆ ಬರುತ್ತಾರೆ ಅಂದರೆ, ಅಡಿಕೆ ಸುಲಿತ, ಕಾಫಿ ಕೊಯ್ಲು ಎರಡರಲ್ಲೂ ದಿನಗೂಲಿ ನಗದು, ಉಳಿಯಲು ಜಾಗ, ಹೆಸರು ಕೇಳುವವರಿಲ್ಲ. ಸಿಗ್ನಲ್ ಇಲ್ಲದ ಜಾಗ ಬೇರೆ. ಟವರ್ ಲೊಕೇಶನ್ ಹಿಡಿದು ಬಂದ ತಂಡ ಇಲ್ಲಿ ಬಂದು ದಾರಿ ತಪ್ಪುತ್ತದೆ. ಒಂದು ಟವರ್ ಅಂದರೆ ಎರಡು ಗುಡ್ಡ, ಮೂರು ಹೊಳೆ, ಮೂವತ್ತು ತೋಟ. ಕೊನೆಗೆ ಒಂದೊಂದೇ ಅಂಗಳಕ್ಕೆ ಹೋಗಿ ಕೇಳಬೇಕು.

ನನ್ನ ಅನುಭವದಲ್ಲಿ ಕಾಡಿನಲ್ಲಿ ಓಡಿ ಹಿಡಿದದ್ದು ಕಡಿಮೆ. ಊಟದ ಹತ್ತಿರ, ತಾಯಿ ಹತ್ತಿರ, ತಂಗಿ ಮದುವೆ ಹತ್ತಿರ ಸಿಕ್ಕವರೇ ಜಾಸ್ತಿ. 2024ರ ನವೆಂಬರ್ 18ರ ಪೀತಬೈಲು ನೆನಪಿದೆಯಲ್ಲ. ಸುಮಾರು ಇಪ್ಪತ್ತು ವರ್ಷ ಸಿಗದ ನಕ್ಸಲ್ ನಾಯಕ ವಿಕ್ರಂ ಗೌಡ ದಿನಸಿಗೆ ಅಂತ ಮನೆಯೊಂದಕ್ಕೆ ಬಂದಾಗಲೇ ಎದುರಾದದ್ದು ಅಂತ ಇಲಾಖೆ ಹೇಳಿತು.

ಘಟ್ಟದ ಮೇಲೆ

ಸರ್, ನಿಮ್ಮ ಮೇಲೆ ಗೌರವ ಇದೆ. ಆದರೆ ಪೀತಬೈಲನ್ನು "ಸಿಕ್ಕವರ" ಲೆಕ್ಕಕ್ಕೆ ಹಾಕಬೇಡಿ. ಅಲ್ಲಿ ಮನುಷ್ಯ ಸಿಗಲಿಲ್ಲ, ಹೆಣ ಸಿಕ್ಕಿತು. ನಕ್ಸಲರೇ ಮೊದಲು ಗುಂಡು ಹಾರಿಸಿದರು ಅಂತ ಪೊಲೀಸರು ಹೇಳಿದರು. ನ್ಯಾಯಾಂಗ ತನಿಖೆ ಆಗಲಿ ಅಂತ ಕೇಳಿದವರೂ ಇದ್ದಾರೆ. ಅಷ್ಟು ಕೇಸು ಇದ್ದವರ ವಿಚಾರಣೆ ಕೋರ್ಟಿನಲ್ಲಿ ನಡೆದಿದ್ದರೆ ನಮ್ಮಂಥ ಊರಿನವರಿಗೆ ಎಷ್ಟೋ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಸರಿ ತಮ್ಮ. ಆ ಪದ ಅಲ್ಲಿ ಬಳಸಬಾರದಿತ್ತು. ಜೀವಂತ ಹಿಡಿದು ಕೋರ್ಟಿಗೆ ಒಪ್ಪಿಸುವುದೇ ನಮ್ಮ ಕೆಲಸ, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಎದುರಿನವನ ಕೈಯಲ್ಲಿ ಬಂದೂಕು ಇದ್ದಾಗ ಕತ್ತಲಲ್ಲಿ ನಿಂತವನ ಸ್ಥಿತಿ ಏನು ಅಂತಲೂ ನನಗೆ ಗೊತ್ತು. ಎರಡನ್ನೂ ಹೇಳಿಯೇ ಸುಮ್ಮನಾಗುತ್ತೇನೆ.

ಕಾಫಿತೋಟ, ಕೊಪ್ಪ

ಪೀತಬೈಲಿನ ಮಾತು ಬಂತಲ್ಲ, ಅದರ ಮುಂದಿನ ಎರಡೂವರೆ ತಿಂಗಳನ್ನೂ ಹೇಳಬೇಕು. 2025ರ ಜನವರಿ 8ರಂದು ಅದೇ ನಕ್ಸಲ್ ಗುಂಪಿನ ಮುಂಡಗಾರು ಲತಾ ಮತ್ತು ಇನ್ನೂ ಐದು ಜನ ಬೆಂಗಳೂರಿಗೆ ಹೋಗಿ ಮುಖ್ಯಮಂತ್ರಿ ಎದುರು ಶರಣಾದರು. ಫೆಬ್ರವರಿ 1ಕ್ಕೆ ಕೋಟೆಹೊಂಡ ರವೀಂದ್ರ, ಮರುದಿನ ಉಡುಪಿಯಲ್ಲಿ ತೊಂಬಟ್ಟು ಲಕ್ಷ್ಮಿ. ಇದು ನಾಯಿ, ಡ್ರೋನು, ಕೂಂಬಿಂಗ್‌ನಿಂದ ಆದದ್ದಲ್ಲ. ಶಾಂತಿಗಾಗಿ ನಾಗರಿಕ ವೇದಿಕೆಯವರು ನಡುವೆ ನಿಂತು ಮಾತಾಡಿದ್ದರಿಂದ ಆದದ್ದು. ಅವರ ಶಸ್ತ್ರಗಳು ಆಮೇಲೆ ನಮ್ಮ ತಾಲೂಕಿನ ಮೇಗೂರು ಕಾಡಿನಲ್ಲಿ ಸಿಕ್ಕವು. ನಾವು ಮೆಣಸು ಕೊಯ್ಯಲು ಹೋಗುವ ಹಾದಿಯಿಂದ ಬಹಳ ದೂರ ಅಲ್ಲ.

ಕೊಲೆ, ದರೋಡೆ ಕೇಸಿನವನಿಗೂ ಆ ಹೋರಾಟದವರಿಗೂ ಹೋಲಿಕೆ ಮಾಡುತ್ತಿಲ್ಲ. ಆದರೆ ಅವನ ಮನೆಯವರ ಮೂಲಕ "ಬಂದು ಶರಣಾಗು" ಅಂತ ಹೇಳಿಸುವುದೂ ಒಂದು ಹುಡುಕಾಟವೇ. ವಕೀಲರ ಮೂಲಕ ಕೋರ್ಟಿಗೇ ಹೋಗಿ ನಿಲ್ಲಬಹುದಲ್ಲ?

ವಕೀಲಿಕೆ, ಶಿವಮೊಗ್ಗ

ಖಂಡಿತ ನಿಲ್ಲಬಹುದು. ಈಗ ತಲೆಮರೆಸಿಕೊಂಡು ಲಾಭವೂ ಇಲ್ಲ. 10 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಕೇಸಿನಲ್ಲಿ ಉದ್ಘೋಷಣೆ ಹೊರಡಿಸಿದರೂ ಬಾರದೆ ಘೋಷಿತ ಅಪರಾಧಿ ಅಂತಾದ ಮೇಲೆ, ಆರೋಪ ಹೊರಿಸಿ 90 ದಿನ ಕಳೆದರೆ ಅವನಿಲ್ಲದೆಯೂ ವಿಚಾರಣೆ ನಡೆಸಿ ತೀರ್ಪು ಕೊಡಲು ಅದೇ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಮೊದಲು ಸಾಕ್ಷಿ ಹೇಳಿಕೆ ದಾಖಲಿಸಿ ಇಟ್ಟುಕೊಳ್ಳಬಹುದಿತ್ತು ಅಷ್ಟೇ. ಸತ್ತವರ ಮನೆಯವರು ವರ್ಷಗಟ್ಟಲೆ ಕಾಯುತ್ತಿರುತ್ತಾರೆ. ನಾವು ಈ ಚರ್ಚೆಯಲ್ಲಿ ಅವರನ್ನು ಇಷ್ಟು ಹೊತ್ತು ಮರೆತೇ ಬಿಟ್ಟಿದ್ದೆವು.

ಹಾವೇರಿ ಕಡೆಯವಳು

ನಾನು ಈ ಗುಂಪಿನಲ್ಲಿ ಅಡಿಕೆ ಕೆಲಸ ಎಲ್ಲಿದೆ ಅಂತ ನೋಡೋಕೆ ಇರುವವಳು. ಅಪ್ಪ ಮೇಸ್ತ್ರಿ. ಈ ತಂಡದವರಲ್ಲ, ಬೇರೆ ತಂಡ. ಎರಡು ದಿನದಿಂದ ಒಂದು ಸಂಗತಿ ನಡೀತಾ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ಆ ಫೋಟೊ ವಾಟ್ಸಾಪ್‌ನಲ್ಲಿ ಎಲ್ಲ ಕಡೆ ಹೋಗಿದೆ. ಕೆಳಗೆ "ಸುಲಿಯುವವರ ವೇಷದಲ್ಲಿ ಕೊಲೆಗಾರರು, ಎಚ್ಚರ" ಅಂತ ಯಾರೋ ಸೇರಿಸಿದ್ದಾರೆ. ನಿನ್ನೆ ನಮ್ಮ ಅಣ್ಣ ಅಂಗಡಿಗೆ ಬೀಡಿ ತರೋಕೆ ಹೋದಾಗ ನಾಲ್ಕು ಜನ ನಿಲ್ಲಿಸಿ ಹುಬ್ಬು ಮುಟ್ಟಿ ನೋಡಿದರು. ಹೌದು, ಕೈಯಲ್ಲಿ ಮುಟ್ಟಿ ನೋಡಿದರು. ಅಣ್ಣ ಏನೂ ಅನ್ನಲಿಲ್ಲ, ವಾಪಸ್ ಬಂದು ಚಾಪೆ ಮೇಲೆ ಮಲಗಿಬಿಟ್ಟ. ನಾವು ಹತ್ತು ವರ್ಷದಿಂದ ಘಟ್ಟಕ್ಕೆ ಬರುತ್ತಿದ್ದೇವೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಡಬ್ಬದ ಲೆಕ್ಕದಲ್ಲಿ ಸುಲಿದು ಊರಿಗೆ ಹಣ ಕಳಿಸುತ್ತೇವೆ. ಚೊಗರಿನ, ಅಂದರೆ ಅಡಿಕೆ ರಸದ, ಕಪ್ಪು ಬೆರಳಿಂದ ಮಾರ್ಚ್ ತನಕ ಹೋಗುವುದಿಲ್ಲ. ಯಾರೋ ಒಬ್ಬ ನಮ್ಮ ನಡುವೆ ಬಂದು ಅಡಗಿದರೆ ನಮಗೂ ಅಷ್ಟೇ ಭಯ. ಅಂಥವನ ಪಕ್ಕದಲ್ಲಿ ಮಲಗುವವರು ನಮ್ಮಂಥವರು, ನೀವಲ್ಲ.

ಆಧಾರ್ ಕೇಳಿ, ಕೊಡುತ್ತೇವೆ. ಆದರೆ ಮನುಷ್ಯರಿಗೆ ಕೇಳುವ ಹಾಗೆ ಕೇಳಿ.

ಸಾಗರದ ಹುಡುಗ

ಆ ಫೋಟೊ ನಾನೂ ಮೂರು ಗುಂಪಿಗೆ ಕಳಿಸಿದ್ದೆ. ಅಳಿಸಿದ್ದೇನೆ. ಅಳಿಸಿದ್ದೇನೆ ಅಂತ ಆ ಗುಂಪುಗಳಲ್ಲೂ ಬರೆದಿದ್ದೇನೆ. ಅಣ್ಣನಿಗೆ ಕ್ಷಮೆ ಕೇಳಿದೆ ಅಂತ ಹೇಳಿ.

ತೀರ್ಥಹಳ್ಳಿ ಪೇಟೆ

ಫೋಟೊ, ಗಾಳಿಸುದ್ದಿ ಏನು ಮಾಡುತ್ತದೆ ಅಂತ ನಮ್ಮ ಪೇಟೆಯವರಿಗೆ ಯಾರೂ ಹೇಳಬೇಕಾಗಿಲ್ಲ. 2024ರ ಮಾರ್ಚ್ 1ಕ್ಕೆ ಬೆಂಗಳೂರಿನ ಕೆಫೆಯಲ್ಲಿ ಬಾಂಬು ಸಿಡಿಯಿತು. ಹುಡುಕುತ್ತಿರುವ ಇಬ್ಬರೂ ತೀರ್ಥಹಳ್ಳಿ ಮೂಲದವರು ಅಂತ ಸುದ್ದಿ ಬಂತು. ಒಬ್ಬನನ್ನು 2020ರಿಂದಲೇ ಬೇರೆ ಕೇಸಿನಲ್ಲಿ ಹುಡುಕುತ್ತಿದ್ದರು. ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಒಬ್ಬೊಬ್ಬರ ತಲೆಗೆ 10 ಲಕ್ಷ ರೂಪಾಯಿ ಬಹುಮಾನ ಇಟ್ಟಿತು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಇಬ್ಬರೂ ಸಿಕ್ಕರು. ಆ 42 ದಿನ ಇಲ್ಲಿ ಹೇಗಿತ್ತು ಅಂತ ಹೊರಗಿನವರಿಗೆ ಗೊತ್ತಿಲ್ಲ. ವಿಚಾರಣೆಗೆ ಕರೆದವರನ್ನೆಲ್ಲ ಟಿವಿಯಲ್ಲಿ "ಬಂಧನ" ಅಂತ ಹಾಕಿದರು. ಕೊನೆಗೆ ಎನ್‌ಐಎಯೇ ಹೇಳಿಕೆ ಕೊಟ್ಟು, ಸಾಕ್ಷಿಗಳ ಗುರುತು ಬಯಲಾದರೆ ತನಿಖೆಗೆ ಅಡ್ಡಿ ಆಗುತ್ತದೆ ಅಂತ ತಿಳಿಸಬೇಕಾಯಿತು. ಆ ಸಮಯದಲ್ಲಿ ನಮ್ಮ ಮಗಳು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಳು. ಊರು ಯಾವುದು ಅಂದರೆ ಶಿವಮೊಗ್ಗ ಅನ್ನುತ್ತಿದ್ದಳು.

ಆಧಾರ್ ಒಂದನ್ನೇ ನಂಬಬೇಡಿ. ಆ ಇಬ್ಬರೂ ಸುಳ್ಳು ಗುರುತಿನ ಚೀಟಿ ಬಳಸುತ್ತಿದ್ದರು ಅಂತ ಎನ್‌ಐಎ ಹೇಳಿತ್ತು. ಕಾಗದ ನೋಡುವುದಕ್ಕಿಂತ ಮೇಸ್ತ್ರಿಗೆ "ಇವನು ನಿಮಗೆ ಹೇಗೆ ಗೊತ್ತು, ಯಾರ ಮನೆಯವನು?" ಅಂತ ಒಂದು ಮಾತು ಕೇಳುವುದು ಮೇಲು.

ಹಿನ್ನೀರು, ತುಮರಿ

ನಮ್ಮ ಕಡೆ ಒಂದು ಬದಲಾವಣೆ ಆಗಿದೆ, ಹೇಳುತ್ತೇನೆ. ಶರಾವತಿ ಹಿನ್ನೀರು ದಾಟಲು ಲಾಂಚ್ ಇದ್ದ ಕಾಲದಲ್ಲಿ ಸಂಜೆ ಕೊನೇ ಟ್ರಿಪ್ ಹೋದರೆ ಆಯಿತು, ಅತ್ತಲಿಂದ ಇತ್ತ ಯಾರೂ ಬರುವ ಹಾಗಿರಲಿಲ್ಲ. ಲಾಂಚ್‌ನವರಿಗೆ ಹೊಸ ಮುಖ ತಕ್ಷಣ ಗೊತ್ತಾಗುತ್ತಿತ್ತು. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಆಯಿತು. ನಾವು ಅರವತ್ತು ವರ್ಷ ಕಾದ ಸೇತುವೆ ಅದು, ಹೆರಿಗೆ ನೋವು ಬಂದವರನ್ನು ದಡದಲ್ಲಿ ಕೂರಿಸಿಕೊಂಡು ಕಾದದ್ದು ನಮಗೆ ಗೊತ್ತು. ಸೇತುವೆ ಬೇಕೇ ಬೇಕಿತ್ತು. ಈಗ ರಾತ್ರಿ ಎರಡಕ್ಕೂ ಕಾರು ಹೋಗುತ್ತದೆ. ಹಾಗಾಗಿ ನಾವು ಕೆಲವರು ಸೇರಿ ಬೀಟ್ ಪೊಲೀಸರ ನಂಬರ್ ಅಂಗಡಿ, ಡೇರಿ, ನ್ಯಾಯಬೆಲೆ ಅಂಗಡಿ ಗೋಡೆಗೆ ಬರೆಸಿದ್ದೇವೆ. ನೆಟ್‌ವರ್ಕ್ ಇರುವ ಗುಡ್ಡ ಯಾವುದು ಅಂತಲೂ ಬರೆಸಿದ್ದೇವೆ.

ಶಿರಾಳಕೊಪ್ಪ

ಅವನು ಮತ್ತೆ ಕಂಡರೆ ಊರಿನವರೇ ಸೇರಿ ಹಿಡಿಯಬಹುದಾ?

ವಕೀಲಿಕೆ, ಶಿವಮೊಗ್ಗ

ಘೋಷಿತ ಅಪರಾಧಿಯನ್ನು ಸಾಮಾನ್ಯರೂ ಹಿಡಿಯಬಹುದು ಅಂತ ಕಾನೂನಿನಲ್ಲಿದೆ. ಹಿಡಿದರೆ ತಡ ಮಾಡದೆ, 6 ಗಂಟೆ ಒಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆದರೆ ನಿಮ್ಮ ಮೇಲೆ ಕೇಸು. ಆದರೆ ದಯವಿಟ್ಟು ಹಿಡಿಯಲು ಹೋಗಬೇಡಿ. ಎರಡು ಕೊಲೆ ಕೇಸು ಇರುವವನು. ಮೇಲಾಗಿ ನೀವು ಹಿಡಿದವನು ಬೇರೆಯವನೇ ಆಗಿದ್ದರೆ? ಹಾವೇರಿ ತಂಗಿ ಬರೆದದ್ದನ್ನು ಇನ್ನೊಮ್ಮೆ ಓದಿ. 112ಕ್ಕೆ ಫೋನ್ ಮಾಡಿ, ಯಾವ ಕಡೆ ಹೋದ, ಏನು ಹಾಕಿಕೊಂಡಿದ್ದ, ಯಾವ ಬಸ್ಸು ಅಂತ ಹೇಳಿ. ಅಷ್ಟು ಸಾಕು.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಮುಖಕ್ಕಿಂತ ಅಭ್ಯಾಸ ಹೇಳಿ. ತಂಗಿ ಬರೆದಳಲ್ಲ, ಬೈಕ್ ಸದ್ದಿಗೆ ಹಂಡೆ ಕಡೆ ಹೋಗುತ್ತಿದ್ದ ಅಂತ. ನಾನು ತನಿಖೆಯಲ್ಲಿ ಇದ್ದಿದ್ದರೆ ಆ ಒಂದು ಮಾತಿಗೆ ಒಂದು ಪುಟ ಬರೆದುಕೊಳ್ಳುತ್ತಿದ್ದೆ. ಯಾರ ಫೋನಿನಿಂದ ಮಾತಾಡುತ್ತಿದ್ದ, ಯಾವ ದಿನ, ಯಾವ ಔಷಧಿ ತರಿಸಿಕೊಂಡ, ಯಾವ ಊರಿನ ಹೆಸರು ಬಾಯಲ್ಲಿ ಬರುತ್ತಿತ್ತು. ಈಗ ರಾತ್ರಿ ಗಸ್ತಿನವರ ಹತ್ತಿರ ಬೆರಳಚ್ಚು ನೋಡುವ ಸಣ್ಣ ಯಂತ್ರ ಇರುತ್ತದೆ, ಹಳೇ ಕೇಸಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆದರೆ ಆ ಯಂತ್ರದ ಮುಂದೆ ಅವನನ್ನು ತಂದು ನಿಲ್ಲಿಸುವ ದಾರಿ ಇಂಥ ಮಾತುಗಳಿಂದಲೇ ಸಿಗುವುದು.

ತೋಟದಮನೆ

ಎಲ್ಲರಿಗೂ. ಇವತ್ತು ಬರೆಯಲು ಸ್ವಲ್ಪ ಧೈರ್ಯ ಬಂದಿದೆ.

ಮನೆಗೇ ಬನ್ನಿ ಅಂತ ಯಜಮಾನರು ಫೋನ್ ಮಾಡಿ ಹೇಳಿದರು. ಮೊದಲು ಸ್ವಲ್ಪ ಗಡುಸಾಗಿ ಮಾತಾಡಿದರಂತೆ. 74 ವರ್ಷ ಅಂದ ಮೇಲೆ ಒಪ್ಪಿದರು. ನಿನ್ನೆ ಇಬ್ಬರು ಬಂದಿದ್ದರು. ಈ ಸಲ ಜಗಲಿಯಲ್ಲಿ ಕೂತರು, ಅತ್ತೆ ಕೊಟ್ಟ ಕಾಫಿ ಕುಡಿದರು. ಬರೆದುಕೊಂಡವರು ಚಿಕ್ಕ ವಯಸ್ಸಿನವರು. ಮದುವೆಯಾಗಿ ಎಂಟು ತಿಂಗಳಂತೆ, ಹದಿನಾರು ದಿನದಿಂದ ಮನೆಗೆ ಹೋಗಿಲ್ಲವಂತೆ.

ನಾನು ಕೂಲಿ ಪುಸ್ತಕ ತಂದೆ. ದಿನಾ ಸಂಜೆ ಯಾರು ಎಷ್ಟು ಡಬ್ಬ ಅಂತ ಬರೆಯುವ ಪುಸ್ತಕ. ಎಲ್ಲರೂ ಹೆಬ್ಬೆಟ್ಟು ಒತ್ತುತ್ತಿದ್ದರು, ಇಲ್ಲವೇ ಕನ್ನಡದಲ್ಲಿ ಹೆಸರು ಬರೆಯುತ್ತಿದ್ದರು. ಅವನದು ಮಾತ್ರ ಒಂದು ಸೊಟ್ಟ ಗೆರೆ, ದಿನಾ ಒಂದೊಂದು ಥರ. ಒಂದೇ ಒಂದು ದಿನ, ಜ್ವರ ಇದ್ದ ದಿನ, ಪೂರ್ತಿ ಸಹಿ ಹಾಕಿದ್ದ. ಚೊಗರು ಅಂಟಿದ ಬೆರಳಿನ ಗುರುತೂ ಆ ಹಾಳೆಯ ಅಂಚಿನಲ್ಲಿ ಇತ್ತು. ನಾನು ನೋಡಿಯೇ ಇರಲಿಲ್ಲ. ಆ ಪೊಲೀಸರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮಹಜರು ಬರೆದು, ವಿಡಿಯೊ ಮಾಡಿ, ಪುಸ್ತಕ ತೆಗೆದುಕೊಂಡು ಹೋದರು. 1,950 ರೂಪಾಯಿಯನ್ನೂ ನೋಟು ಎಣಿಸಿ ಬರೆದುಕೊಂಡರು.

ಅತ್ತೆ ಒಂದೇ ಮಾತು ಕೇಳಿದರು. "ಸತ್ತವರಿಗೆ ಮಕ್ಕಳಿದ್ದಾರಾ?" ಅಂತ. ಒಬ್ಬರಿಗೆ ಇಬ್ಬರು ಹೆಣ್ಣುಮಕ್ಕಳು ಅಂದರು. ಅತ್ತೆ ಒಳಗೆ ಹೋದರು. ಮಧ್ಯಾಹ್ನ ಊಟ ಮಾಡಿದರು.

ಹೋಗುವ ಮುಂಚೆ ಜ್ವರದ ವಿಷಯ ಮತ್ತೆ ಕೇಳಿದರು. ಆಗ ಅತ್ತೆಗೆ ನೆನಪಾಯಿತು. ಜ್ವರದಲ್ಲಿ ಅವನು ಒಂದು ಊರಿನ ಜಾತ್ರೆ ಹೆಸರು ಹೇಳಿ ಕನವರಿಸುತ್ತಿದ್ದನಂತೆ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆಯಬೇಡಿ ಅಂತ ಹೇಳಿದ್ದಾರೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು, ಕಾಫಿ ಲೋಟ ಇಟ್ಟು ಎದ್ದರು.

ನಿವೃತ್ತ ಹೆಡ್ ಕಾನ್‌ಸ್ಟೇಬಲ್

ತಂಗಿ, ಇನ್ನು ಇಲ್ಲಿ ಈ ವಿಷಯ ಏನೂ ಬರೆಯಬೇಡ. ಜಾತ್ರೆ ಅನ್ನುವ ಮಾತನ್ನೂ ತೆಗೆದುಬಿಡು. ಅವನೂ ಓದುತ್ತಿರಬಹುದು.

ತೋಟದಮನೆ

ಅಯ್ಯೋ, ಹೊಳೆಯಲೇ ಇಲ್ಲ ಅಣ್ಣ. ನಾನೇ ತೆಗೆಯೋಣ ಅಂದರೆ ಆಗುತ್ತಿಲ್ಲ. ಗುಂಪು ನೋಡಿಕೊಳ್ಳುವವರು ದಯವಿಟ್ಟು ಮೇಲಿನ ಆ ಸಾಲುಗಳನ್ನು ತೆಗೆಯಿರಿ.

ಹಾವೇರಿ ತಂಗಿಗೆ ಒಂದು ಮಾತು. ನಮ್ಮ ತಂಡದ ಮೇಸ್ತ್ರಿ ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಮಾತೇ ಹೊರಡುತ್ತಿರಲಿಲ್ಲ ಅವರಿಗೆ. "ಅವನು ಬಸ್ ಸ್ಟ್ಯಾಂಡಲ್ಲಿ ಸಿಕ್ಕವನಮ್ಮ, ಕೆಲಸ ಇದೆಯಾ ಅಂದ, ಕರೆದುಕೊಂಡು ಬಂದೆ. ಇನ್ನು ನಮ್ಮನ್ನು ಕರೆಯುವುದಿಲ್ಲ ಅಲ್ವಾ?" ಅಂದರು. ಮೂರನೇ ಕೊಯ್ಲು ಇನ್ನೂ ಬಾಕಿ ಇದೆ, ಬನ್ನಿ ಅಂದೆ. ಎಲ್ಲರ ಹೆಸರು, ಊರು, ಮನೆಯವರ ಫೋನ್ ನಂಬರ್ ಮೊದಲ ದಿನವೇ ಬರೆದುಕೊಳ್ಳುತ್ತೇನೆ ಅಂತಲೂ ಹೇಳಿದೆ. ನಾವೇ ಬರೆದು ತರುತ್ತೇವೆ ಅಂದರು.

ಗುರುವಾರ ಹನ್ನೊಂದು ಜನ ಬರುತ್ತಾರೆ. ಹೊಸ ಕೂಲಿ ಪುಸ್ತಕ ತಂದಾಯಿತು. ಕೊಟ್ಟಿಗೆ ಪಕ್ಕದ ಕೋಣೆಗೆ ಬಲ್ಬು ಹಾಕಿಸಬೇಕು, ಹಂಡೆ ಒಲೆ ಕಡೆಗೂ ಒಂದು.